ಕೋಳಿ ಗೂಡಿಗೆ ಕಂಬಳಿ ಬೇಡ, ಗಾಳಿ ಬೇಕು



ದೀಪಾವಳಿ ಕಳೆಯುತ್ತಲೇ ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಖಾಲಿಯಾದ ರಸಗೊಬ್ಬರದ ಚೀಲಗಳನ್ನು ಒಂದಕ್ಕೊಂದು ಹೊಲಿದು ಕೋಳಿ ಗೂಡಿನ ನಾಲ್ಕೂ ಕಡೆ ಕಟ್ಟಿಬಿಡುತ್ತಾರೆ. ಇದ್ದ ಒಂದೆರಡು ಕಿಂಡಿಗಳಿಗೂ ಹಳೆಯ ಬಟ್ಟೆ ತುರುಕಿ, ಬಾಗಿಲಿಗೆ ಬಂಡೆ ಒರಗಿಸಿ, ಇನ್ನು ಥಂಡಿಯ ಭಯವಿಲ್ಲವೆಂದು ಸಮಾಧಾನಪಡುತ್ತಾರೆ. ಮಾರ್ಗಶಿರ ಪುಷ್ಯದಲ್ಲಿ ಕೋಳಿಗಳು ಒಂದೊಂದಾಗಿ ಜೋಲತೊಡಗಿದರೆ, "ಥಂಡಿ ಬಡ್ದು ಸತ್ತುವು ಫಾದರ್" ಎನ್ನುತ್ತಾರೆ. ಮರುವರ್ಷ ಇನ್ನೆರಡು ಚೀಲ ಹೆಚ್ಚು ಕಟ್ಟುತ್ತಾರೆ.

ಈ ಪದ್ಧತಿ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಸೀಮೆಯಲ್ಲಿ ಬಲಿತ ಕೋಳಿಯನ್ನು ಥಂಡಿ ಕೊಲ್ಲುವುದಿಲ್ಲ. ಅದನ್ನು ಕೊಲ್ಲುವುದು ಮುಚ್ಚಿದ ಗೂಡಿನ ತೇವ, ಘಾಟು, ಮತ್ತು ಇವೆರಡರ ಬೆನ್ನಿಗೆ ಬರುವ ಕೊಕ್ಕರೆ ರೋಗ. ಕೋಳಿ ಸಾಕುವುದು ಸಣ್ಣ ವಿಷಯವೆಂದು ಯಾರೂ ಈ ಪುಟವನ್ನು ಮಗುಚಬಾರದು. ಹತ್ತಿಯ ಹಣ ಗಂಡಸರ ಕೈಗೆ ಬರುತ್ತದೆ, ಅದರಲ್ಲಿ ಬಹುಪಾಲು ಸಾಲದವನ ಕೈಗೆ ಹೋಗುತ್ತದೆ. ಕೋಳಿಯ ಹಣ ಮಾತ್ರ ತಾಯಂದಿರ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಸಂಘದ ಕಂತು, ಮಕ್ಕಳ ಪುಸ್ತಕ, ಆಸ್ಪತ್ರೆಗೆ ಹೋಗುವ ಬಸ್ ಚಾರ್ಜು ಎಲ್ಲವೂ ಅಲ್ಲಿಂದಲೇ. ಹತ್ತು ಕೋಳಿ ಒಂದು ವಾರದಲ್ಲಿ ಸತ್ತ ಮನೆಯಲ್ಲಿ ಏನು ನಿಂತುಹೋಯಿತೆಂಬುದು ಆ ಮನೆಯ ಹೆಣ್ಣುಮಗಳಿಗೆ ಮಾತ್ರ ಗೊತ್ತು.

ಮೊದಲು ನಮ್ಮ ಚಳಿಯ ವಿಚಾರ. ಆದವಾನಿ, ಆಲೂರು, ಕೋಸಿಗಿ, ಕೌತಾಳಂ, ಹೊಳಗುಂದಿ ಕಡೆ ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15ರಿಂದ 18 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಕೆಲವು ರಾತ್ರಿ ಇನ್ನೂ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 30 ಡಿಗ್ರಿ ಬಿಸಿಲು. ಹಿಮ ಬೀಳುವ ದೇಶಗಳಲ್ಲಿಯೂ ರೈತರು ಕೋಳಿ ಸಾಕುತ್ತಾರೆ, ಅಲ್ಲಿ ನೀರಿನ ಪಾತ್ರೆ ಕಲ್ಲಾಗುತ್ತದೆ, ಆದರೂ ಕೋಳಿ ಬದುಕುತ್ತದೆ. ಕೋಳಿಯ ಮೈಶಾಖ ನಮಗಿಂತ ಹೆಚ್ಚು, ಸುಮಾರು 41 ಡಿಗ್ರಿ. ಚಳಿಯಾದಾಗ ಅದು ಪುಕ್ಕ ಉಬ್ಬಿಸಿ ಒಳಗೆ ಗಾಳಿಯ ಪದರವೊಂದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದೇ ಅದರ ಕಂಬಳಿ. ಸೃಷ್ಟಿಕರ್ತನು ಕೊಟ್ಟ ಈ ಕಂಬಳಿಗೆ ಒಂದೇ ಒಂದು ಶತ್ರು, ತೇವ. ಪುಕ್ಕ ಒದ್ದೆಯಾದರೆ ಗಾಳಿ ನಿಲ್ಲುವುದಿಲ್ಲ, ಕಂಬಳಿ ಕಂಬಳಿಯಾಗಿ ಉಳಿಯುವುದಿಲ್ಲ.

ಆ ತೇವ ಎಲ್ಲಿಂದ ಬರುತ್ತದೆ? ಹೊರಗಿನ ಇಬ್ಬನಿಯಿಂದ ಸ್ವಲ್ಪ, ಕೋಳಿಯಿಂದಲೇ ಬಹಳ. ಒಂದು ಕೋಳಿ ತಿಂದ ಕಾಳಿನ ಎರಡರಷ್ಟು ತೂಕದ ನೀರು ಕುಡಿಯುತ್ತದೆ. ಆ ನೀರಿನ ಹೆಚ್ಚು ಭಾಗ ಉಸಿರಿನಲ್ಲಿ ಮತ್ತು ಹಿಕ್ಕೆಯಲ್ಲಿ ಹೊರಬರುತ್ತದೆ. ಹತ್ತು ಕೋಳಿಗಳ ಗೂಡನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿದರೆ ಆ ನೀರು ಹೋಗುವುದೆಲ್ಲಿಗೆ? ಬೆಳಗಿನ ಜಾವ ನಾಲ್ಕು ಗಂಟೆಗೆ ತಗಡಿನ ಒಳಮೈಯನ್ನು ಕೈಯಿಂದ ಸವರಿ ನೋಡಿ, ಒದ್ದೆಯಾಗಿರುತ್ತದೆ. ಅದು ಹನಿಹನಿಯಾಗಿ ಕೋಳಿಗಳ ಬೆನ್ನ ಮೇಲೆಯೇ ಬೀಳುತ್ತದೆ. ಬೇತಂಚೆರ್ಲ ಬಂಡೆಗಳನ್ನು ನಿಲ್ಲಿಸಿ ಕಟ್ಟಿದ ಗೂಡಿನಲ್ಲಿಯೂ ಇದೇ ಪಾಡು. ರಾತ್ರಿ ಬಂಡೆ ತಣ್ಣಗಾಗಿ ಬೆವರುತ್ತದೆ.

ಇನ್ನು ಘಾಟು. ಒದ್ದೆ ಹಿಕ್ಕೆಯಿಂದ ಅಮೋನಿಯಾ ಎಂಬ ಅನಿಲ ಏಳುತ್ತದೆ. ತೇವ ಹಿಡಿದ ಯೂರಿಯಾ ಚೀಲವನ್ನು ಬಿಚ್ಚಿದವರಿಗೆ ಆ ಘಾಟಿನ ಪರಿಚಯ ಉಂಟು. ಅದು ಕೋಳಿಯ ಶ್ವಾಸನಾಳದ ಒಳಗಿನ ನವಿರಾದ ರೋಮಗಳನ್ನು ಕೆಡಿಸುತ್ತದೆ. ಧೂಳನ್ನೂ ರೋಗಾಣುಗಳನ್ನೂ ಹೊರದಬ್ಬುವುದು ಆ ರೋಮಗಳ ಕೆಲಸ. ಅವು ಕೆಟ್ಟರೆ ಮನೆಗೆ ಬಾಗಿಲಿಲ್ಲದಂತೆ. ನಾವು ನಿಂತುಕೊಂಡು ಗೂಡಿನ ಬಾಗಿಲು ತೆರೆದು, ವಾಸನೆಯೇನೂ ಇಲ್ಲವಲ್ಲ ಎನ್ನುತ್ತೇವೆ. ಕೋಳಿ ಮಲಗುವುದು ನೆಲದ ಹತ್ತಿರ. ಆದ್ದರಿಂದ ಬೆಳಿಗ್ಗೆ ಗೂಡು ತೆರೆಯುವ ಮುನ್ನ ಮೊಣಕಾಲೂರಿ ಬಗ್ಗಿ ಮುಖವನ್ನು ಕೋಳಿಯ ಎತ್ತರಕ್ಕೆ ತನ್ನಿರಿ. (ಮೊಣಕಾಲೂರುವುದು ನಮಗೆ ಹೊಸದಲ್ಲವಲ್ಲ.) ಕಣ್ಣು ಉರಿದರೆ, ಮೂಗು ಚುರುಗುಟ್ಟಿದರೆ ಆ ಗೂಡು ರೋಗಕ್ಕೆ ಕಾದು ಕುಳಿತಿದೆ ಎಂದೇ ತಿಳಿಯಿರಿ.

ಹಾಗಾದರೆ ಗೂಡನ್ನು ಹೇಗೆ ಸಿದ್ಧಪಡಿಸಬೇಕು? ಗಾಳಿ ಬೇಕು, ಆದರೆ ಮೈಮೇಲೆ ಬೀಸುವ ಗಾಳಿ ಬೇಡ. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಮೂಡಣ ಮತ್ತು ಈಶಾನ್ಯದಿಂದ ಬರುತ್ತದೆ. ಆ ಎರಡು ಬದಿಗಳಲ್ಲಿ ನೆಲದಿಂದ ಕೋಳಿಯ ತಲೆಯ ಮಟ್ಟದವರೆಗೆ ಮಾತ್ರ ಅಡ್ಡ ಕಟ್ಟಿರಿ. ಅದಕ್ಕೂ ಗೋಣಿಯ ತಟ್ಟೇ ಉತ್ತಮ, ಉಸಿರಾಡುತ್ತದೆ. ಪ್ಲಾಸ್ಟಿಕ್ ಚೀಲ ಉಸಿರಾಡುವುದಿಲ್ಲ. ಔಷಧಿ ಹೊಡೆದ ಹೊಲದಲ್ಲಿ ಬಳಸಿದ ಚೀಲವನ್ನಂತೂ ತರಲೇ ಬೇಡಿರಿ. ಚಾವಣಿಯ ಕೆಳಗೆ, ಕೋಳಿಯ ತಲೆಗಿಂತ ಮೇಲೆ, ಎದುರುಬದುರು ಎರಡು ಕಡೆ ಒಂದು ಗೇಣಿನಷ್ಟು ಜಾಗವನ್ನು ತೆರೆದೇ ಇಟ್ಟು ಅದಕ್ಕೆ ತಂತಿ ಜಾಳಿಗೆ ಹೊಡೆಯಿರಿ. ಮುಂಗುಸಿ, ಕಾಡುಬೆಕ್ಕು ನುಗ್ಗದಷ್ಟು ಸಣ್ಣ ಕಣ್ಣಿನ ಜಾಳಿಗೆ ಇರಲಿ. ಬಿಸಿ ಉಸಿರು, ತೇವ, ಘಾಟು ಎಲ್ಲವೂ ಮೇಲೇರಿ ಅಲ್ಲಿಂದ ಹೊರಹೋಗುತ್ತವೆ. ಗೂಡಿನ ಬಾಯಿ ದಕ್ಷಿಣಕ್ಕಿದ್ದರೆ ಒಳ್ಳೆಯದು. ಈ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಒಳಗೆ ಬಿದ್ದು ನೆಲ ಒಣಗುತ್ತದೆ. ಬಿಸಿಲಿಗಿಂತ ಅಗ್ಗದ ಔಷಧ ಬೇರೆ ಇಲ್ಲ. ತಗಡಿನ ಚಾವಣಿಯಿದ್ದರೆ ಅದರ ಕೆಳಗೆ ಜೋಳದ ದಂಟನ್ನು ಒತ್ತೊತ್ತಾಗಿ ಕಟ್ಟಿದರೆ ಹನಿ ಬೀಳುವುದು ನಿಲ್ಲುತ್ತದೆ.

ನಮ್ಮದು ಎರೆಭೂಮಿ. ಹಿಂಗಾರು ಮಳೆಯ ತೇವವನ್ನು ಅದು ತಿಂಗಳುಗಟ್ಟಲೆ ಬಿಡುವುದಿಲ್ಲ. ಆದ್ದರಿಂದ ನೆಲದ ಮೇಲೆಯೇ ಕೋಳಿ ಮಲಗುವ ಗೂಡಿಗಿಂತ ಒಂದೂವರೆ ಎರಡು ಅಡಿ ಎತ್ತರದಲ್ಲಿ ಕಟ್ಟಿಗೆ ಅಥವಾ ಬಿದಿರಿನ ಅಟ್ಟಣೆಯ ಗೂಡು ಎಷ್ಟೋ ಮೇಲು. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುತ್ತದೆ, ಗುಡಿಸಿ ತಿಪ್ಪೆಗೆ ಹಾಕಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಅಷ್ಟು ಮಾಡಲಾಗದಿದ್ದರೆ ಗೂಡಿನೊಳಗೆ ಒಂದೆರಡು ಅಡ್ಡ ಕೋಲುಗಳನ್ನಾದರೂ ಹಾಕಿರಿ. ಕೋಲು ತೀರ ಗುಂಡಗೆ, ತೆಳ್ಳಗೆ ಬೇಡ. ಎರಡು ಬೆರಳಿನಷ್ಟು ಅಗಲವಾಗಿ ಚಪ್ಪಟೆಯಾಗಿದ್ದರೆ ಕೋಳಿ ಅದರ ಮೇಲೆ ಕುಳಿತಾಗ ಹೊಟ್ಟೆಯ ಪುಕ್ಕ ಕಾಲ್ಬೆರಳುಗಳನ್ನು ಮುಚ್ಚುತ್ತದೆ. ಹಗಲೆಲ್ಲ ಹೊರಗೆ ಮೇಯುವ ನಾಟಿ ಕೋಳಿಗೆ ರಾತ್ರಿ ತಲಾ ಒಂದು ಚದರಡಿ ಜಾಗ ಸಾಕು, ಅದಕ್ಕಿಂತ ಕಡಿಮೆ ಬೇಡ.

ನೆಲಕ್ಕೆ ಹಾಸುವುದಾದರೆ ಶೇಂಗಾ ಹೊಟ್ಟು ನಮ್ಮಲ್ಲಿ ಸುಲಭ, ಭತ್ತದ ಹೊಟ್ಟೂ ಆಗುತ್ತದೆ. ಆದರೆ ಬೂಷ್ಟು ಹಿಡಿದ ಹೊಟ್ಟು ವಿಷಕ್ಕೆ ಸಮ. ಹಾಸುವ ಮುಂಚೆ ಎರಡು ದಿನ ಬಿಸಿಲಿಗೆ ಹರಡಿರಿ. ನಾಲ್ಕು ಬೆರಳು ದಪ್ಪ ಹಾಸಿ, ಎರಡು ದಿನಕ್ಕೊಮ್ಮೆ ಕೆದಕಿ, ಒದ್ದೆಯಾದುದನ್ನು ತೆಗೆದುಹಾಕಿರಿ. ಮುಷ್ಟಿಯಲ್ಲಿ ಹಿಡಿದು ಹಿಂಡಿದಾಗ ಉಂಡೆ ಕಟ್ಟಿದರೆ ಬದಲಿಸುವ ಕಾಲ ಬಂತೆಂದು ಅರ್ಥ. ಜಿನ್ನಿಂಗ್ ಮಿಲ್ಲಿನ ಹತ್ತಿಯ ಕಸವನ್ನು ಬೆಚ್ಚಗಿರುತ್ತದೆಂದು ಹಾಸುವವರಿದ್ದಾರೆ. ಅದು ಬೇಡ, ಎಳೆಗಳನ್ನು ಮರಿಗಳು ನುಂಗಿದರೆ ಗಂಟಲ ಚೀಲದಲ್ಲಿ ಗಂಟಾಗಿ ಕೂಡುತ್ತದೆ.

ಗೋಡೆಯ ಬಿರುಕುಗಳ ಬಗ್ಗೆ ಒಂದು ಮಾತು. ಕೋಳಿ ಉಣ್ಣೆ ಹಗಲಿನಲ್ಲಿ ಕೋಳಿಯ ಮೈಮೇಲೆ ಸಿಗುವುದಿಲ್ಲ. ಅದು ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಮರಳಿ ಹೋಗುತ್ತದೆ. ಬಿರುಕುಗಳನ್ನು ಮಣ್ಣು ಸುಣ್ಣ ಮೆತ್ತಿ ಮುಚ್ಚಿ, ಒಳಗೆಲ್ಲ ದಪ್ಪನಾಗಿ ಸುಣ್ಣ ಬಳಿಯಿರಿ. ಹತ್ತಿಗೆ ಹೊಡೆದು ಉಳಿದ ಔಷಧಿಯನ್ನು ಗೂಡಿಗೆ ಸಿಂಪಡಿಸುವ, ಕೋಳಿಯ ಮೈಗೆ ಸವರುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಹಳ್ಳಿಯಲ್ಲಿ "ಮೋನೋ" ಎಂದು ಕರೆಯುವ ಮೋನೋಕ್ರೋಟೊಫಾಸ್ ಪಕ್ಷಿಗಳಿಗೆ ಎಂಥ ವಿಷವೆಂದರೆ, 1995–96ರಲ್ಲಿ ಅರ್ಜೆಂಟೀನಾ ದೇಶದ ಹೊಲಗಳಲ್ಲಿ ಮಿಡತೆಗೆ ಹೊಡೆದ ಈ ಔಷಧಿಯಿಂದ ಸಾವಿರಾರು ಗಿಡುಗಗಳು ಸತ್ತುಬಿದ್ದವು. ಆ ಕೋಳಿಯ ಮೊಟ್ಟೆಯನ್ನು ತಿನ್ನುವವರು ನಮ್ಮ ಮಕ್ಕಳೇ.

ಇಲ್ಲಿಯವರೆಗೆ ಹೇಳಿದ್ದು ಬಲಿತ ಕೋಳಿಗಳ ಮಾತು. ಮರಿಗಳ ಮಾತು ಬೇರೆ, ಅವುಗಳಿಗೆ ನಿಜವಾಗಿಯೂ ಚಳಿ ತಡೆಯುವುದಿಲ್ಲ. ಹುಟ್ಟಿದ ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ಕಾವು ಕೂತ ತಾಯಿ ಇದ್ದರೆ ನಮಗೆ ಯಾವ ಲೆಕ್ಕವೂ ಬೇಡ. ಯೆರೂಸಲೇಮನ್ನು ಕಂಡು ಮರುಗಿದ ಯೇಸುಸ್ವಾಮಿಗೆ ತನ್ನ ಪ್ರೀತಿಯನ್ನು ಹೇಳಿಕೊಳ್ಳಲು ಸಿಕ್ಕಿದ ಹೋಲಿಕೆ ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವ ಹ್ಯಾಟೆಯದು. ಹಳ್ಳಿಯ ಮನೆಯಂಗಳವನ್ನು ಕಣ್ಣಾರೆ ನೋಡಿದವನು ಮಾತ್ರ ಆಡಬಲ್ಲ ಮಾತು ಅದು. ತಾಯಿಯಿಲ್ಲದ ಮರಿಗಳದೇ ಕಷ್ಟ. ಹೈದರಾಬಾದಿನ ವನರಾಜ, ಗ್ರಾಮಪ್ರಿಯ, ಬೆಂಗಳೂರಿನ ಗಿರಿರಾಜ ಮುಂತಾದ ತಳಿಗಳು ಒಳ್ಳೆಯವೇ, ನಾಟಿ ಕೋಳಿ ವರ್ಷಕ್ಕೆ 60–80 ಮೊಟ್ಟೆ ಇಟ್ಟರೆ ಗ್ರಾಮಪ್ರಿಯ ಅದರ ಎರಡರಷ್ಟನ್ನು ಮೀರಿಸುತ್ತದೆ. ಆದರೆ ಅವು ಕೈಗೆ ಬರುವುದು ಪೆಟ್ಟಿಗೆಯಲ್ಲಿ, ಅನಾಥವಾಗಿ. ಡಿಸೆಂಬರ್ ಜನವರಿಯಲ್ಲಿ ಒಂದು ದಿನದ ಮರಿಗಳನ್ನು ಯಾರು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿರಿ. ಐದಾರು ವಾರ ಬೆಳೆಸಿದ ಮರಿಗಳಿದ್ದರೆ ತುಸು ಹೆಚ್ಚು ಹಣ ಕೊಟ್ಟಾದರೂ ಕೊಳ್ಳಿರಿ, ಇಲ್ಲವೇ ಫೆಬ್ರುವರಿ ಕಳೆಯಲಿ.

ಈಗಾಗಲೇ ಮರಿ ತಂದವರಿಗೆ: ಎಲ್‌ಇಡಿ ಬಲ್ಬು ತೂಗುಹಾಕಿದರೆ ಬೆಳಕು ಬರುತ್ತದೆ, ಶಾಖ ಬರುವುದಿಲ್ಲ. ಮೊದಲು ಬುಟ್ಟಿಯಲ್ಲಿ ಉರಿಸುತ್ತಿದ್ದ 60, 100 ಕ್ಯಾಂಡಲ್ ಬಲ್ಬಿನಲ್ಲಿ ತಂತಿ ಕಾಯುತ್ತಿತ್ತು, ಅದರಿಂದ ಮರಿ ಬದುಕುತ್ತಿತ್ತು. ಅಂಥ ಬಲ್ಬು ಸಿಕ್ಕರೆ ಹುಲ್ಲಿಗೆ, ಗೋಣಿಗೆ ತಾಗದಂತೆ ಕಟ್ಟಿರಿ. ಸಿಗದಿದ್ದರೆ ಮಡಕೆಯಲ್ಲಿ ಬಿಸಿನೀರು ತುಂಬಿ, ಬಾಯಿ ಬಿಗಿದು, ಗೋಣಿ ಸುತ್ತಿ ಮರಿಗಳ ನಡುವೆ ಇಟ್ಟು, ಸರಿರಾತ್ರಿಯಲ್ಲೊಮ್ಮೆ ಎದ್ದು ನೀರು ಬದಲಿಸಿರಿ. ಮರಿಗಳು ಗುಂಪುಗೂಡಿ ಚೀರುತ್ತಿದ್ದರೆ ಚಳಿ. ದೂರ ಸರಿದು ಬಾಯಿ ತೆರೆದರೆ ಸೆಕೆ. ಹರಡಿಕೊಂಡು ಮಲಗಿದ್ದರೆ ಸರಿ.

ಇದ್ದಿಲ ಬೆಂಕಿಯ ಬಗ್ಗೆ ಮಾತ್ರ ಕೈಮುಗಿದು ಹೇಳುತ್ತೇನೆ. ಮರಿ ಬೆಚ್ಚಗಿರಲೆಂದು ಬಾಣಲೆಯಲ್ಲಿ ಇದ್ದಿಲು ಉರಿಸಿ, ಬಾಗಿಲು ಕಿಟಕಿ ಮುಚ್ಚಿ, ಅದೇ ಕೋಣೆಯಲ್ಲಿ ಮಕ್ಕಳೊಡನೆ ಮಲಗುವುದು ಸಾವನ್ನು ಕರೆದಂತೆ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯೂ ಕಾಣುವುದಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಹಿಡಿಯುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಇಲ್ಲ. ಉತ್ತರ ಭಾರತದಿಂದ ಪ್ರತಿ ಚಳಿಗಾಲದಲ್ಲಿಯೂ ಇಡೀ ಕುಟುಂಬಗಳು ಹೀಗೆ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಸಂತ ಪೇತ್ರರು ಚಳಿ ಕಾಯಿಸಿಕೊಂಡ ಇದ್ದಿಲ ಬೆಂಕಿಯನ್ನು ನೆನಪಿಸಿಕೊಳ್ಳಿರಿ, ಕೋಳಿ ಕೂಗಿದ್ದೂ ಅದೇ ರಾತ್ರಿ. ಆ ಬೆಂಕಿ ಮಹಾಯಾಜಕನ ಮನೆಯ ಅಂಗಳದಲ್ಲಿತ್ತು, ಕೋಣೆಯೊಳಗಲ್ಲ. ಇದ್ದಿಲಿಗೆ ಅಂಗಳವೇ ಸರಿಯಾದ ಜಾಗ. ಹಾಗೆಯೇ ಕಳ್ಳರ ಭಯಕ್ಕೋ ಬೆಕ್ಕಿನ ಭಯಕ್ಕೋ ಕೋಳಿ ಬುಟ್ಟಿಯನ್ನು ಮಂಚದ ಕೆಳಗೆ ಮುಚ್ಚಿಡುವ ಮನೆಗಳಿವೆ. ಆ ಹಿಕ್ಕೆಯ ಧೂಳು, ಘಾಟು ರಾತ್ರಿಯಿಡೀ ಮಗುವಿನ ಎದೆಗೆ ಹೋಗುತ್ತದೆ. ಉಬ್ಬಸದ ಮಗುವಿಗೆ ತಾಯಿತ ಕಟ್ಟಿಸುವ ಮೊದಲು ಬುಟ್ಟಿಯನ್ನು ಹೊರಗಿಡಿರಿ. ಗೂಡಿಗೆ ಗಟ್ಟಿ ಬಾಗಿಲು, ಬೀಗ ಹಾಕಿದರೆ ಕಳ್ಳರ ಭಯವೂ ಅಷ್ಟಿಲ್ಲ. ಇದಕ್ಕೆ ಬೇಕಾದುದು ಮನೆಯ ಗಂಡಸಿನ ಅರ್ಧ ದಿನದ ದುಡಿಮೆ. ಕೋಳಿ ಹೆಂಗಸರದು, ಗೂಡೂ ಹೆಂಗಸರದೇ ಎಂದು ಕಟ್ಟೆಯ ಮೇಲೆ ಕುಳಿತಿರುವ ಅಣ್ಣಂದಿರು ಭಾನುವಾರ ಪೂಜೆ ಮುಗಿದ ಮೇಲೆ ಸುತ್ತಿಗೆ ಹಿಡಿದರೆ ಪಾಪವೇನೂ ಇಲ್ಲ.

ಮೇವು ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಜೆ ಗೂಡಿಗೆ ಸೇರುವ ಮುನ್ನ ಒಂದು ಹಿಡಿ ಜೋಳವೋ ಸಜ್ಜೆಯೋ ಹೊಟ್ಟೆ ಸೇರಿದರೆ ಅದು ಅರಗುವಾಗ ಮೈ ಬೆಚ್ಚಗಿರುತ್ತದೆ. ರಾತ್ರಿ ನೀರಿನ ಪಾತ್ರೆಯನ್ನು ಒಳಗಿಡಬೇಡಿರಿ, ಬೆಳಿಗ್ಗೆ ಹೊಸ ನೀರು ಕೊಡಿರಿ.

ಈಗ ಕೊಕ್ಕರೆ ರೋಗ. ಹಸಿರು ಬಿಳಿ ಭೇದಿ, ಬಾಯಿ ತೆರೆದು ಏದುಸಿರು, ಕತ್ತು ತಿರುಚಿಕೊಳ್ಳುವುದು, ರೆಕ್ಕೆ ಜೋತುಬೀಳುವುದು, ಎರಡು ಮೂರು ದಿನಗಳಲ್ಲಿ ಸಾವು, ಇವೆಲ್ಲ ನಮಗೆ ಪರಿಚಿತ. ಪುಸ್ತಕದಲ್ಲಿ ಇದಕ್ಕೆ ರಾಣಿಖೇತ್ ರೋಗವೆಂದು ಹೆಸರು. 1920ರ ದಶಕದ ಕೊನೆಯಲ್ಲಿ ಹಿಮಾಲಯದ ತಪ್ಪಲಿನ ಆ ಊರಿನಲ್ಲಿ ಕಾಣಿಸಿಕೊಂಡಿದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು. ಇಂಗ್ಲೆಂಡಿನವರು ತಮ್ಮ ನ್ಯೂಕ್ಯಾಸಲ್ ಊರಿನ ಹೆಸರಿಟ್ಟಿದ್ದಾರೆ. ಇದು ವೈರಸ್ ರೋಗ, ಬಂದ ಮೇಲೆ ಔಷಧವಿಲ್ಲ. ಬೆಳ್ಳುಳ್ಳಿ, ಅರಿಶಿನ, ಮೆಡಿಕಲ್ ಶಾಪಿನ ಕ್ಯಾಪ್ಸೂಲ್ ಯಾವುದೂ ಅದನ್ನು ತಡೆಯುವುದಿಲ್ಲ. ಇದು ಬೇಸಿಗೆಯಲ್ಲೂ ಬರುತ್ತದೆ. ಆದರೆ ತಂಪಿನಲ್ಲಿ, ತೇವದ ಹಿಕ್ಕೆಯಲ್ಲಿ ಆ ವೈರಸ್ ಹೆಚ್ಚು ದಿನ ಬದುಕುತ್ತದೆ, ಸುಡು ಬಿಸಿಲಿನಲ್ಲಿ ಬೇಗ ಸಾಯುತ್ತದೆ. ಮುಚ್ಚಿದ ಗೂಡಿನಲ್ಲಿ ಒಂದರ ಉಸಿರು ಇನ್ನೊಂದರ ಮೂಗಿಗೆ. ಥಂಡಿ ಬಡಿಯಿತೆಂದು ನಾವು ಹೇಳುವ ಸಾವುಗಳಲ್ಲಿ ಹೆಚ್ಚಿನವು ಇದೇ ಎಂದು ನಾನು ನಂಬಿದ್ದೇನೆ.

ಕ್ರೈಸ್ತರಾದ ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಕ್ರಿಸ್ತ ಜಯಂತಿಗೆ ವಾರವಿರುವಾಗ ಸಂತೆಯಿಂದ ಹಬ್ಬದ ಹುಂಜ ತರುತ್ತೇವೆ. ಅದನ್ನು ಹಬ್ಬದವರೆಗೆ ನಮ್ಮ ಕೋಳಿಗಳ ಜೊತೆ ಗೂಡಿಗೆ ಬಿಡುತ್ತೇವೆ. ಹತ್ತೂರಿನ ಕೋಳಿಗಳ ಜೊತೆ ಒಂದೇ ಬುಟ್ಟಿಯಲ್ಲಿದ್ದು ಬಂದ ಹುಂಜ ಅದು. ರೋಗ ಮೈಗೆ ಸೇರಿ ಲಕ್ಷಣ ತೋರಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಎರಡು ವಾರ ಬೇಕು. ಹುಂಜ ಸಾರಾಗಿ ಹೋಗುತ್ತದೆ, ರೋಗ ಗೂಡಿನಲ್ಲಿ ಉಳಿಯುತ್ತದೆ, ಹೊಸ ವರ್ಷದ ಹೊತ್ತಿಗೆ ಗೂಡು ಖಾಲಿ. ಸಂತೆಯ ಹುಂಜವನ್ನು ಬೇರೆ ಬುಟ್ಟಿಯಲ್ಲಿ, ಮನೆಯ ಇನ್ನೊಂದು ಬದಿಯಲ್ಲಿ ಇಡಿರಿ. ಮೊದಲು ನಿಮ್ಮ ಕೋಳಿಗೆ ಕಾಳು ಹಾಕಿ, ಆಮೇಲೆ ಅದಕ್ಕೆ ಹಾಕಿ ಕೈ ತೊಳೆಯಿರಿ. ಸಾಕಲು ತಂದ ಕೋಳಿಯನ್ನಾದರೆ ಎರಡು ವಾರ ಬೇರೆಯಾಗಿಟ್ಟು ನೋಡಿ ಸೇರಿಸಿರಿ. ಸಂಕ್ರಾಂತಿಯ ಕೋಳಿ ಪಂದ್ಯಕ್ಕೆ ಹೋಗಿಬಂದ ಹುಂಜದ ಬಗ್ಗೆ ಹೇಳುವುದೇ ಬೇಡ. ಕಾನೂನಿಗೆ ವಿರುದ್ಧವಾದ ಆ ಜೂಜಿನ ಬಗ್ಗೆ ಪೀಠದಿಂದ ಹೇಳಿಯಾಗಿದೆ.

ಲಸಿಕೆಯೊಂದೇ ದಾರಿ, ಅದೂ ರೋಗ ಬರುವ ಮುಂಚೆ. ಮೊದಲ ವಾರದ ಮರಿಗೆ ಲಸೋಟಾ ಅಥವಾ ಎಫ್ ತಳಿಯ ಲಸಿಕೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. ಎಂಟು ವಾರ ದಾಟಿದ ಕೋಳಿಗೆ ಆರ್‌2ಬಿ ಚುಚ್ಚುಮದ್ದು. ಆರ್‌2ಬಿ ತುಸು ಉಗ್ರವಾದುದು, ಮರಿಗಳಿಗೆ ಕೂಡದು. ಮೊಟ್ಟೆಯಿಡುತ್ತಿರುವ ಕೋಳಿಗೆ ಯಾವುದು ಕೊಡಬೇಕೆಂದು ಪಶುವೈದ್ಯರನ್ನು ಕೇಳಿರಿ. ಹತ್ತು ದಿನ ಮುಂಚೆ ಜಂತುವಿನ ಔಷಧಿ ಕುಡಿಸಿದ್ದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಲಸಿಕೆ ಹಾಕಿದ ಮೇಲೂ ಶಕ್ತಿ ಬರಲು ಎರಡು ವಾರ ಬೇಕು.

ಇಷ್ಟು ಸುಲಭವಾದ ಕೆಲಸ ನಮ್ಮ ಹಳ್ಳಿಗಳಲ್ಲಿ ಯಾಕೆ ನಡೆಯುವುದಿಲ್ಲ? ಭಾಷೆಯ ತೊಡಕು ಒಂದು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಮನೆಯಲ್ಲಿ ಕನ್ನಡವೇ ಉಳಿಯಿತು, ಕರಪತ್ರಗಳು ಮಾತ್ರ ತೆಲುಗಿನಲ್ಲಿ, ಲಸಿಕೆಯ ಸೀಸೆಯ ಮೇಲಿನ ಚೀಟಿ ಇಂಗ್ಲಿಷಿನಲ್ಲಿ. ಆದರೆ ದೊಡ್ಡ ತೊಡಕು ಭಾಷೆಯದಲ್ಲ, ಸೀಸೆಯದು. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ದಂಡ. ಎಂಟು ಕೋಳಿ ಇರುವ ತಾಯಿ ನೂರು ಕೋಳಿಯ ಸೀಸೆಯನ್ನು ಏನು ಮಾಡಬೇಕು? ಅವಳ ಪಾಲಿಗೆ ಲಸಿಕೆ ಇದ್ದೂ ಇಲ್ಲ. ಆದರೆ ಅವಳ ಓಣಿಯಲ್ಲಿ ಹದಿನೈದು ಮನೆಗಳಿವೆ, ಹದಿನೈದು ಮನೆಯ ಕೋಳಿ ಎಣಿಸಿದರೆ ನೂರು ದಾಟುತ್ತದೆ. ಕೋಳಿಗಳು ಮತ ನೋಡಿ, ಜಾತಿ ನೋಡಿ ಮೇಯುವುದಿಲ್ಲ. ಒಂದೇ ತಿಪ್ಪೆಯಲ್ಲಿ ಕೆದಕುತ್ತವೆ. ಹಾಗಾಗಿ ನಮ್ಮ ಓಣಿಗೆ ಮಾತ್ರ ಲಸಿಕೆ ಹಾಕಿ ಪಕ್ಕದ ಓಣಿಯನ್ನು ಬಿಟ್ಟರೆ ಅರ್ಧ ಕೆಲಸ.

ಆಸ್ಟ್ರೇಲಿಯದ ವಿಜ್ಞಾನಿಗಳು ಶಾಖವನ್ನು ಸ್ವಲ್ಪ ತಡೆಯಬಲ್ಲ ಐ-2 ಎಂಬ ಲಸಿಕೆಯನ್ನು ಬಡ ದೇಶಗಳ ಹಳ್ಳಿಗಳಿಗಾಗಿಯೇ ಸಿದ್ಧಪಡಿಸಿದರು. ಆಫ್ರಿಕದ ಮೊಜಾಂಬಿಕ್, ತಾಂಜಾನಿಯಾ ದೇಶಗಳ ಹಳ್ಳಿಗಳಲ್ಲಿ ನಾಲ್ಕು ತಿಂಗಳಿಗೊಮ್ಮೆ ಗೊತ್ತಾದ ಸಮಯದಲ್ಲಿ ಊರಿನವರೇ, ಅವರಲ್ಲಿ ಹೆಂಗಸರೂ ಅನೇಕರು, ತರಬೇತಿ ಪಡೆದು ಮನೆಮನೆಗೆ ಹೋಗಿ ಕೋಳಿಯ ಕಣ್ಣಿಗೆ ಒಂದೊಂದು ಹನಿ ಬಿಡುತ್ತಾರೆ. ಕೋಳಿಗೆ ಇಷ್ಟೆಂದು ಚಿಲ್ಲರೆ ಹಣ ತೆಗೆದುಕೊಳ್ಳುತ್ತಾರೆ. ನಮಗಿಂತ ಬಡವರು ಮಾಡಿದ ಕೆಲಸ ನಮಗೆ ಆಗದೆಂದು ನಾನು ಒಪ್ಪುವುದಿಲ್ಲ.

ದಿನ ಗೊತ್ತುಮಾಡುವಾಗ ಸುಗ್ಗಿಯನ್ನು ಮರೆಯಬಾರದು. ನಮ್ಮಲ್ಲಿ ಸುಗ್ಗಿಗೆ ಹೋಗುವುದೆಂದರೆ ಊರಿನ ಸುಗ್ಗಿಯಲ್ಲ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು, ತೆಲಂಗಾಣಕ್ಕೆ ಹತ್ತಿ ಬಿಡಿಸಲು ಮನೆಗೆ ಬೀಗ ಹಾಕಿ ಹೋಗುವುದು. ಕೆಲವರು ದೀಪಾವಳಿಯಾದ ಮೇಲೆ, ಉಳಿದವರು ಕ್ರಿಸ್ತ ಜಯಂತಿಯ ಪೂಜೆ ಮುಗಿಸಿ ಲಾರಿ ಹತ್ತುತ್ತಾರೆ. ಆಗ ಕೋಳಿಗಳ ಗತಿ ಎರಡೇ. ವ್ಯಾಪಾರಿ ಕೇಳಿದ ಬೆಲೆಗೆ ಕೊಟ್ಟುಬಿಡುವುದು, ಇಲ್ಲವೇ ಅಜ್ಜಿಯ ಮೇಲೆ ಬಿಟ್ಟುಹೋಗುವುದು. ಕಣ್ಣು ಮಂಜಾದ ಅಜ್ಜಿ ಗೂಡನ್ನು ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತದೆ. ರೋಗ ಬರುವುದೂ ಆಗಲೇ. ಮಾರ್ಚಿನಲ್ಲಿ ಮರಳಿ ಬಂದವರು ಬರಿಗೂಡು ನೋಡುತ್ತಾರೆ. ಆದ್ದರಿಂದ ಲಸಿಕೆ ನವೆಂಬರಿನಲ್ಲಿಯೇ ಆಗಬೇಕು. ಸುಗ್ಗಿಗೆ ಹೋಗುವವರು ಕೋಳಿಗಳನ್ನು ಮಾರಿಬಿಡುವ ಬದಲು ಲಸಿಕೆ ಹಾಕಿಸಿ, ಉಳಿಯುವ ಮನೆಯವರಿಗೆ ಮರಿಗಳಲ್ಲಿ ಅರ್ಧ ಪಾಲಿನ ಮೇಲೆ ಒಪ್ಪಿಸಿ ಹೋಗಲಿ. ಕುರಿ ಮೇಕೆಗೆ ಪಾಲು ಸಾಕಾಣಿಕೆ ನಮ್ಮಲ್ಲಿ ಇದ್ದೇ ಇದೆ, ಕೋಳಿಗೆ ಯಾಕಾಗಬಾರದು?

ಹಕ್ಕಿ ಜ್ವರದ ಬಗ್ಗೆಯೂ ಎಚ್ಚರವಿರಲಿ. 2025ರ ಫೆಬ್ರುವರಿಯಲ್ಲಿ ಗೋದಾವರಿ ಜಿಲ್ಲೆಗಳಲ್ಲಿ, ಆಮೇಲೆ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ಕುರೆಕುಪ್ಪದಲ್ಲಿಯೂ ಅದು ಕಂಡಿತು. ಒಮ್ಮೆಲೇ ಅನೇಕ ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿದರೆ ಕೊಯ್ಯಬೇಡಿರಿ, ಮಾರಬೇಡಿರಿ, ಎಲ್‌ಎಲ್‌ಸಿ ಕಾಲುವೆಗೆ ಎಸೆಯಬೇಡಿರಿ. ಆ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿರಿ. ಸರ್ಕಾರ ಕೊಲ್ಲಿಸಿದ ಕೋಳಿಗೆ ಪರಿಹಾರವುಂಟು, ತಾನಾಗಿ ಸತ್ತದ್ದಕ್ಕಿಲ್ಲ, ಮುಚ್ಚಿಟ್ಟವನಿಗೇ ನಷ್ಟ. ಅವರು ನೋಡಿಯಾದ ಮೇಲೆ ಸತ್ತವನ್ನು ಮೂರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿರಿ.

ನವೆಂಬರ್ ತಿಂಗಳ ಎರಡನೇ ಭಾನುವಾರದೊಳಗೆ ಪ್ರತಿಯೊಂದು ಕಿರು ಸಮುದಾಯದ ಮುಖಂಡರು ತಮ್ಮ ಓಣಿಯ ಕೋಳಿಗಳ ಎಣಿಕೆಯನ್ನು, ಮರಿ ಎಷ್ಟು, ಬಲಿತವು ಎಷ್ಟು, ಮೊಟ್ಟೆಯಿಡುವವು ಎಷ್ಟು ಎಂದು ಬೇರೆಬೇರೆಯಾಗಿ ಬರೆದು ನಮ್ಮ ಉಪದೇಶಿಗಳ ಕೈಗೆ ಕೊಡಬೇಕು. ಅನ್ಯಧರ್ಮೀಯ ನೆರೆಯವರ ಕೋಳಿಗಳನ್ನೂ ಎಣಿಸಿರಿ. ಪಶುವೈದ್ಯರೊಡನೆ ಮಾತನಾಡಿ ದಿನವನ್ನು ಪೂಜೆಯ ಕೊನೆಯಲ್ಲಿ ತಿಳಿಸುತ್ತೇನೆ. ಆ ದಿನ ಬೆಳಿಗ್ಗೆ ಆರು ಗಂಟೆಗೆ ಮುಂಚೆ ಯಾರೂ ಗೂಡು ತೆರೆಯಬಾರದು. ಒಮ್ಮೆ ಬಯಲಿಗೆ ಬಿಟ್ಟ ಕೋಳಿಯನ್ನು ಹಿಡಿಯಲು ಊರಿಗೆ ಊರೇ ಓಡಬೇಕಾಗುತ್ತದೆ, ಅಷ್ಟರಲ್ಲಿ ಮಂಜುಗಡ್ಡೆ ಕರಗಿರುತ್ತದೆ.